ತಿಳಿನೀರಿನಲ್ಲಿ ಆರಿಸಿದ ಪಂಪು

"ಬುದ್ಧೀ, ನಾನು ಮಠಕ್ಕೆ ಬಂದು ಮೂರು ವರ್ಷವಾಯಿತು. ಒಂದು ದಿನವೂ ಸಿಟ್ಟು ಬಂದಿಲ್ಲ. ಇನ್ನು ಊರೊಳಗೆ ಹೋಗಿ ಜನರ ಜಗಳ ತೀರಿಸಬಹುದೇ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

"ಊರೇನೂ ಓಡಿಹೋಗುವುದಿಲ್ಲ, ಕೂತುಕೋ," ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಮೇಸ್ತ್ರಿ ಇದ್ದ. ಭೂಮಿಯನ್ನು ಆಳಕ್ಕೆ ಕೊರೆದು ಎಣ್ಣೆ ಹುಡುಕುವ ಕೆಲಸ ಅವನದು. ಅಷ್ಟು ಆಳದಲ್ಲಿ ಗ್ಯಾಸು ಕಾದು ಕೂತಿರುತ್ತದೆ. ಅದು ಮೇಲೆ ನುಗ್ಗದಂತೆ ಕೊರೆದ ಬಾವಿಯ ತುಂಬ ಮಂದವಾದ ಮಣ್ಣಿನ ರಾಡಿ ತುಂಬಿಡಬೇಕು. ರಾಡಿ ಇಳಿಯಿತೋ, ಮೇಲೆ ನಿಂತವರ ಕತೆ ಮುಗಿಯಿತು. ಆ ರಾಡಿಯನ್ನು ತೊಟ್ಟಿಯಿಂದ ಬಾವಿಗೆ ಸಾಗಿಸಲು ಅವನಿಗೊಂದು ಪಂಪು ಬೇಕಾಗಿತ್ತು. ಒಳಗೆ ಚಕ್ರ ಗಿರ್ರನೆ ತಿರುಗಿ ಎಸೆಯುತ್ತದಲ್ಲ, ಆ ಬಗೆಯದು.

ಮೇಸ್ತ್ರಿಯ ಕೈಕೆಳಗೆ ಒಂಬತ್ತು ಜನ. ಅವರ ಹೆಂಡಿರು ಮಕ್ಕಳ ಚಿಂತೆಯೂ ಅವನದೇ. ಪಂಪು ಆರಿಸುವ ಕೆಲಸವನ್ನು ಯಾರಿಗೂ ಬಿಡದೆ ತಾನೇ ಅಂಗಡಿಗೆ ಹೋದ. ಪಂಪನ್ನು ನೀರಿನ ತೊಟ್ಟಿಗೆ ಜೋಡಿಸಿ, ನೀರು ಎಷ್ಟು ದೂರ ಹಾರುತ್ತದೆಂದು ತೋರಿಸುವುದು ಅಲ್ಲಿಯ ರೂಢಿ. ಒಂದು ಪಂಪು ಹಗುರ, ಸದ್ದೇ ಇಲ್ಲ, ನೀರನ್ನು ಕಾಂಪೌಂಡಿನಾಚೆ ಎಸೆಯಿತು. ಇನ್ನೊಂದು ದಪ್ಪ ಕಬ್ಬಿಣದ್ದು, ದಪ್ಪ ಹೊಟ್ಟೆಯದು. ಗೊರಗೊರ ಅಂದದ್ದೇ ಬಂತು, ನೀರು ಗೋಡೆಯನ್ನೂ ಮುಟ್ಟಲಿಲ್ಲ. ಆದರೂ ಮೇಸ್ತ್ರಿಗೆ ಧೈರ್ಯ ಸಾಲಲಿಲ್ಲ. ತೊಟ್ಟಿಯ ತಳದಲ್ಲಿ ಚೂರು ಮರಳು ಕಂಡಿತೆಂದು ನೀರನ್ನೇ ಬದಲಿಸಿ, ಮೂರು ಸಲ ಪರೀಕ್ಷೆ ಮಾಡಿದ ಪುಣ್ಯಾತ್ಮ!

"ಯಜಮಾನರೇ, ಇದಕ್ಕೆ ಏನು ಕುಡಿಸುತ್ತೀರಿ?" ಎಂದು ವ್ಯಾಪಾರಿ ಕೇಳಿದ.

"ಅದೆಲ್ಲ ನಿನಗೆ ಯಾಕಪ್ಪಾ? ಕಣ್ಣಾರೆ ನೋಡಿದ್ದೇನೆ. ಹಗುರದ್ದನ್ನೇ ಕೊಡು."

ನಾಲ್ಕು ದಿನ ಪಂಪು ಚೆನ್ನಾಗಿಯೇ ನಡೆಯಿತು. ಆದರೆ ಮೇಸ್ತ್ರಿಗೆ ನೆಮ್ಮದಿ ಎಲ್ಲಿ? ಗಳಿಗೆಗೊಮ್ಮೆ ಹೋಗಿ ಅದರ ಮೈ ಮುಟ್ಟಿ ನೋಡುತ್ತಿದ್ದ. ಬಿಸಿಯಾಗಿದೆಯೋ? ನಡುಗುತ್ತಿದೆಯೋ? ಏನೂ ಇಲ್ಲ. ಐದನೆಯ ದಿನ ಮಧ್ಯಾಹ್ನ ಮುಟ್ಟಿದಾಗಲೂ ಚಕ್ರ ತಿರುಗುತ್ತಲೇ ಇತ್ತು. ಕೊಳವೆಯ ಬಾಯಲ್ಲಿ ಮಾತ್ರ ರಾಡಿ ಬರುತ್ತಿರಲಿಲ್ಲ. ಬಾವಿಗೆ ಇಣುಕಿದರೆ ರಾಡಿ ಒಂದಾಳು ಕೆಳಗೆ ಹೋಗಿದೆ.

"ಇಳೀರೋ! ಎಲ್ಲಾ ಇಳೀರಿ!" ಎಂದು ಕೂಗಿದ. ಎಂಟು ಜನ ಓಡಿದರು. ಒಂಬತ್ತನೆಯವನು ಬಾವಿಯ ಮೇಲೆ ನಿಲ್ಲಿಸಿದ ಕಬ್ಬಿಣದ ಗೋಪುರದ ತುದಿಯಲ್ಲಿದ್ದ, ಅವನಿಗೆ ಕೇಳಿಸಲೇ ಇಲ್ಲ. ಅಯ್ಯೋ ಶಿವನೇ ಅನ್ನುತ್ತಾ ಮೇಸ್ತ್ರಿ ಏಣಿ ಹತ್ತಿ, ಕಾಲು ಹಿಡಿದೆಳೆದು, ಅವನನ್ನು ಇಳಿಸಿಕೊಂಡು ಬಂದ. ಇಬ್ಬರೂ ಹೊಲದ ಬದು ದಾಟುವಷ್ಟರಲ್ಲಿ ಗ್ಯಾಸು ಮೇಲೆ ನುಗ್ಗಿ ಗೋಪುರ ಧಗ್ಗನೆ ಹೊತ್ತಿಕೊಂಡಿತು.

ಬೆಂಕಿ ಆರಿದ ಮೇಲೆ ಪಂಪು ಬಿಚ್ಚಿದರು. ರಾಡಿಯೊಳಗಿನ ಮರಳು ಚಕ್ರವನ್ನು ಇಲಿ ತಿಂದ ರೊಟ್ಟಿಯ ಹಾಗೆ ಮಾಡಿತ್ತು. ಮೇಸ್ತ್ರಿ ಮತ್ತೆ ಅದೇ ಅಂಗಡಿಗೆ ಹೋದ. ಜಗಳವಾಡಲಿಲ್ಲ. ತೊಟ್ಟಿಗೆ ತಾನೇ ಎರಡು ಪುಟ್ಟಿ ಮರಳು ಸುರಿದು, "ಈಗ ಆ ದಪ್ಪ ಹೊಟ್ಟೆಯದನ್ನು ಜೋಡಿಸಪ್ಪಾ" ಅಂದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. "ಮೇಸ್ತ್ರಿಗೆ ತನ್ನ ತಪ್ಪು ತಿಳಿಯಿತು, ಸರಿ. ನಾನು ಊರಿಗೆ ಹೋಗಲೋ ಬೇಡವೋ, ಅದನ್ನು ಹೇಳಿ ಬುದ್ಧೀ."

"ಈ ಮೂರು ವರ್ಷದಲ್ಲಿ ಇಲ್ಲಿ ನಿನ್ನನ್ನು ಬೈದವರು ಯಾರಪ್ಪಾ?"