ಜ್ವರದ ದಿನದ ಮಾತು

“ಬರೆದದ್ದನ್ನ ಬರೆದಂಗ ಓದಿದ್ರ ಅದು ಹ್ಯಾಂಗ ತಪ್ಪಾಗ್ತೈತ್ರಿ, ಅಯ್ಯನವರ?”

ಕೇಳಿದವನು ಬೆನ್ಯಾಮಿನ. ಉಪದೇಶಿಯಾಗಿ ಆ ಊರಿನ ಕ್ರೈಸ್ತ ಸಭೆಗೆ ಬಂದು ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಗ್ರಂಥ ಅವನಿಗೆ ಬಾಯಿಪಾಠ. ಅಧ್ಯಾಯ ಹೇಳಿದರೆ ವಚನ ಹೇಳುತ್ತಿದ್ದ, ವಚನ ಹೇಳಿದರೆ ಅಧ್ಯಾಯ ಹೇಳುತ್ತಿದ್ದ. ಈ ಹುಡುಗ ಬಾಯಿ ಬಿಟ್ಟರೆ ದೇವರ ವಾಕ್ಯವೇ ಉದುರುತ್ತದೆ ಎಂದು ಸಭೆಯ ಜನ ಕೊಂಡಾಡುತ್ತಿದ್ದರು. ಆ ಹೊಗಳಿಕೆ ಅವನ ಕಿವಿಗೂ ಬಿದ್ದಿತ್ತು. ಬಿದ್ದದ್ದನ್ನು ಅವನು ಜೋಪಾನವಾಗಿಯೇ ಇಟ್ಟುಕೊಂಡಿದ್ದ.

ಎದುರಿಗೆ ಕೂತವರು ದೇವಪುತ್ರ ಅಯ್ಯನವರು. ಆ ಸಭೆಯ ಹಳೆಯ ಪಾಲಕರು, ಬೆನ್ಯಾಮಿನನಿಗೆ ಗುರುಗಳು. ನಾಲ್ಕಾರು ದಿನ ಸುತ್ತಲಿನ ಊರುಗಳ ಸಭೆಗಳನ್ನು ನೋಡಿಕೊಂಡು ಆ ಬೆಳಿಗ್ಗೆ ತಾನೇ ಬಂದಿದ್ದರು. ತಾವಿಲ್ಲದಾಗ ಏನೇನು ನಡೆಯಿತೆಂದು ಕೇಳಿದ್ದಕ್ಕೆ ಶಿಷ್ಯ ಒಂದೊಂದಾಗಿ ಒಪ್ಪಿಸುತ್ತ ಬಂದ. ಅದರಲ್ಲಿ ರಾಹೇಲವ್ವನ ಸುದ್ದಿಯೂ ಬಂತು.

ಹಿಂದಿನ ದಿನ ಭಾನುವಾರ. ಆರಾಧನೆ ಮುಗಿದು ಜನ ಮನೆಗೆ ಹೋದ ಮೇಲೆ ರಾಹೇಲವ್ವ ದೇವಾಲಯದ ಬಾಗಿಲಲ್ಲಿ ನಿಂತಿದ್ದಳು. ಗಂಡ ಅವಳ ಕೈಯನ್ನು ಕಾದ ಹಂಚಿಗೆ ಒತ್ತಿ ಹಿಡಿದಿದ್ದ. ಅಂಗೈ ತುಂಬ ಬೊಬ್ಬೆ ಎದ್ದಿತ್ತು. “ಇವತ್ತ ಕೈ ಸುಟ್ಟಾನ್ರಿ, ನಾಳೆ ಜೀವ ತೆಗೀತಾನ. ಅಯ್ಯನವರು ಬರೂತನಕ ಹಿಂದಿನ ಖೋಲಿಯಾಗ ಇರಾಕ ಬಿಡ್ರಿ, ಉಪದೇಶಿಗಳ,” ಎಂದಳು. ಅವಳು ಕೇಳಿದ್ದು ಅಷ್ಟೇ. ಆ ಕೋಣೆಯಲ್ಲಿ ಹರಿದ ಚಾಪೆಗಳು, ಒಂದು ಹಳೆಯ ಹಾರ್ಮೋನಿಯಂ ಬಿಟ್ಟರೆ ಬೇರೇನೂ ಇರಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಬೆನ್ಯಾಮಿನನಿಗೆ ಬೇಕಾಯಿತು. ಅವನು ಗ್ರಂಥ ತೆರೆದ. ಎಫೆಸದವರಿಗೆ ಬರೆದ ಪತ್ರದಲ್ಲಿ, ಹೆಂಡಂದಿರು ಗಂಡಂದಿರಿಗೆ ಅಧೀನರಾಗಿರಬೇಕೆಂಬ ಸಾಲಿದೆ. ಆ ಸಾಲನ್ನು ಓದಿ, ಬೆರಳಿಟ್ಟು ತೋರಿಸಿದ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಆಮೇಲೆ ತಾನೇ ಮುಂದೆ ಮುಂದೆ ನಡೆದು, ಅವಳನ್ನು ಗಂಡನ ಮನೆಗೆ ಒಪ್ಪಿಸಿ ಬಂದ. ಒಡೆಯುವ ಸಂಸಾರವೊಂದನ್ನು ಉಳಿಸಿದೆನೆಂಬ ಸಂತೋಷ ಅವನಿಗೆ. ಆ ಸಂತೋಷದಲ್ಲೇ, ಅಲ್ಲಿ ಚಹಾ ಕೊಟ್ಟು ಬಹಳ ಮರ್ಯಾದೆ ಮಾಡಿದರು ಎಂದೂ ಗುರುವಿಗೆ ಹೇಳಿದ.

“ಚಹಾ ಯಾರು ಮಾಡಿದ್ರು?” ಎಂದರು ಅಯ್ಯನವರು.

“ಆಕೀನ ಮಾಡಿದ್ಲರಿ.”

“ಯಾವ ಕೈಲೆ ಮಾಡಿದ್ಲು?”

ಬೆನ್ಯಾಮಿನ ಅದನ್ನು ನೋಡಿರಲಿಲ್ಲ. ಅವನ ಕಣ್ಣು ಬಿಸ್ಕೀಟಿನ ತಟ್ಟೆಯ ಮೇಲಿತ್ತು.

“ನಿನ್ನ ಓದಿಗೆ ಬೆಂಕಿ ಬೀಳಲಿ!” ಎಂದರು ಅಯ್ಯನವರು. ಅವರ ಬಾಯಿಂದ ಅಂಥ ಮಾತನ್ನು ಬೆನ್ಯಾಮಿನ ಎಂದೂ ಕೇಳಿರಲಿಲ್ಲ. ಅವನಿಗೆ ಅಳು ಬರುವಷ್ಟು ಅವಮಾನವಾಯಿತು, ಒಳಗೊಳಗೇ ಸಿಟ್ಟೂ ಬಂತು. ತಾನೇನು ಗ್ರಂಥಕ್ಕೆ ಒಂದಕ್ಷರ ಕೂಡಿಸಿದ್ದನೇ? ಒಂದಕ್ಷರ ಕಳೆದಿದ್ದನೇ? ಅದಕ್ಕೇ, ಬರೆದಂತೆ ಓದಿದರೆ ಹೇಗೆ ತಪ್ಪಾಗುತ್ತದೆ ಎಂದು ಕೇಳಿದ್ದು.

ಅಯ್ಯನವರು ತಿರುಗಿ ಕೇಳಿದರು. “ಆ ಸಾಲಿಗಿಂತ ಮೊದಲ ಏನೈತಿ?”

“ಒಬ್ಬರಿಗೊಬ್ಬರು ಅಧೀನರಾಗಿರ್ರಿ ಅಂತ ಎಲ್ಲಾರಿಗೂ ಹೇಳೇತ್ರಿ.”

“ಮುಂದ?”

“ಗಂಡಂದಿರು ಹೆಂಡಂದಿರನ್ನ ಪ್ರೀತಿ ಮಾಡಬೇಕು, ಕ್ರಿಸ್ತ ಸಭೆಗಾಗಿ ಪ್ರಾಣ ಕೊಟ್ಟಂಗ. ತನ್ನ ಮೈಯನ್ನ ತಾನು ಯಾರೂ ದ್ವೇಷ ಮಾಡೂದಿಲ್ಲ ಅಂತೈತ್ರಿ.” ಬೆನ್ಯಾಮಿನ ತಡವರಿಸದೆ ಒಪ್ಪಿಸಿದ.

“ಅದನ್ನ ಓದಿದೇನು?”

“ಅದು ಗಂಡಸರಿಗೆ ಹೇಳಿದ್ದಲ್ಲೇನ್ರಿ? ಆಕಿಗ್ಯಾಕ?”

“ಸರಿ. ಆಕಿ ಗಂಡಗ ಓದಿ ಹೇಳಿದಿ?”

ಬೆನ್ಯಾಮಿನ ತಲೆ ಕೆರೆದುಕೊಂಡ. “ಅವರು ಸಭಾ ಹಿರೇರ್ರಿ. ಅವರಿಗೆ ನಾ ಹ್ಯಾಂಗ ಹೇಳ್ಲಿ?”

ಉಪದೇಶಿಯ ನೌಕರಿ ಕಾಯಂ ಆಗುವುದು ಬಿಡುವುದು ಹಿರಿಯರ ಕೈಯಲ್ಲಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅಯ್ಯನವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, “ಒಂದು ಕತಿ ಹೇಳ್ತೀನಿ, ಕೇಳು,” ಎಂದರು. ಅವರು ಹೇಳಿದ ಕತೆ ಇದು.

ಒಂದು ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳಿಗೆ ಒಬ್ಬ ಮಗ, ಒಬ್ಬ ಸೊಸೆ. ಇವರಲ್ಲದೆ ಒಬ್ಬ ಪುಟ್ಟ ಹುಡುಗಿಯೂ ಆ ಮನೆಯಲ್ಲಿದ್ದಳು. ಅವಳು ಅಜ್ಜಿಯ ಮಗಳ ಮಗಳು, ತಂದೆ ತಾಯಿ ಇಲ್ಲದವಳು. ಅಜ್ಜಿಗೆ ಹುಡುಗಿಯೆಂದರೆ ಪಂಚಪ್ರಾಣ. ಹುಡುಗಿಗೆ ಅಜ್ಜಿ ಹಾಕಿದ ಗೆರೆಯೇ ಗೆರೆ. ಸೊಸೆಗೆ ಮಾತ್ರ ಅವಳು ಉಣ್ಣುವ ಇನ್ನೊಂದು ಬಾಯಿ.

ಒಂದು ಸಲ ಹುಡುಗಿಗೆ ವಿಷಮಜ್ವರ ಬಂತು. ಕರುಳು ಹುಣ್ಣಾಗಿದೆ, ಗಟ್ಟಿ ಆಹಾರ ಹೋದರೆ ಜೀವಕ್ಕೇ ಅಪಾಯ ಎಂದು ವೈದ್ಯ ಹೇಳಿ ಹೋದ. ಅಜ್ಜಿ ಅಡುಗೆಮನೆಯ ಬಾಗಿಲಿಗೆ ಬಂದಳು. “ಕೂಸಿಗೆ ಅನ್ನ ಹಾಕಬ್ಯಾಡ,” ಎಂದು ಸೊಸೆಗೆ ಹೇಳಿದಳು. “ತಾಸಿಗೊಮ್ಮೆ ಗಂಜಿತಿಳಿ ಕುಡಸು. ಜ್ವರ ಬಿಟ್ಟ ಮ್ಯಾಲ ಆಕಳ ಹಾಲೆಲ್ಲಾ ಇಕಿಗೇ ಇರ್ಲಿ. ಮೈ ತುಂಬ್ಕೋಬೇಕು ಕೂಸು.” ಹೇಳಿ ಹೋಗಿ, ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಜ್ವರ ಇಳಿಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಹುಡುಗಿಯ ಜ್ವರ ಇಳಿಯಿತು. ಅದೇ ಜ್ವರ ಅಜ್ಜಿಗೆ ಏರಿತು. ಮುದಿ ಜೀವ ತಡೆಯಲಿಲ್ಲ.

ಮಣ್ಣು ಮಾಡಿ ಬಂದು ಮನೆಯವರು ಊಟಕ್ಕೆ ಕೂತರು. ಹುಡುಗಿಯೂ ತಟ್ಟೆ ತಂದು ಕೂತಳು. ಅವಳಿಗೆ ಬಡಿಸಲು ಹೋದ ಸೊಸೆ ಸೌಟನ್ನು ಹಿಂದಕ್ಕೆ ತೆಗೆದುಕೊಂಡಳು. “ಅಯ್ಯ, ಅತ್ತಿ ಏನ್ ಹೇಳಿದ್ರು? ಕೂಸಿಗೆ ಅನ್ನ ಹಾಕಬ್ಯಾಡ ಅಂದಿದ್ದಿಲ್ಲೇನು?” ಎಂದಳು.

ಮಗನಿಗೆ ತಾಯಿಯ ನೆನಪಾಗಿ ದುಃಖ ಉಕ್ಕಿ ಬಂತು. “ಹೌದು, ಅವ್ವನ ಮಾತು. ಅವ್ವನ ಮಾತು ಮೀರಬಾರದು,” ಎಂದು ಕಣ್ಣೊರೆಸಿಕೊಂಡ. ಕಣ್ಣೊರೆಸಿಕೊಂಡು ಊಟ ಮಾಡಿದ.

ಒಂದು ದಿನವೂ ಅವರು ಆ ಮಾತನ್ನು ಮೀರಲಿಲ್ಲ. ಅನ್ನವೇ ಕೂಡದೆಂದ ಮೇಲೆ ರೊಟ್ಟಿ ಕೂಡೀತೇ ಎಂದು ಸೊಸೆ ಅದನ್ನೂ ನಿಲ್ಲಿಸಿದಳು. ಹಿರಿಯರ ಮಾತಿಗೆ ಇನ್ನಷ್ಟು ಬೇಲಿ ಹಾಕುವುದು ಅವಳ ದೃಷ್ಟಿಯಲ್ಲಿ ಪುಣ್ಯದ ಕೆಲಸ. ಮಗ ಪೇಂಟರನನ್ನು ಕರೆಸಿ, ಅಡುಗೆಮನೆಯ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ: ಕೂಸಿಗೆ ಅನ್ನ ಹಾಕಬೇಡ. ಸುತ್ತ ಹೂಬಳ್ಳಿ ಬರೆಸಿದ. ಸೊಸೆ ದಿನಾ ಅದಕ್ಕೆ ಮಲ್ಲಿಗೆ ಮಾಲೆ ಏರಿಸಿದಳು. ಬಂದ ನೆಂಟರು ತಲೆಯೆತ್ತಿ ಓದಿ, ಸತ್ತ ತಾಯಿಯ ಮಾತಿಗೆ ಇಷ್ಟು ಬೆಲೆ ಕೊಡುವ ಮನೆ ಹುಡುಕಿದರೂ ಸಿಗದು ಎಂದರು. ಗಂಜಿತಿಳಿಯ ಮಾತು ಯಾರಿಗೂ ನೆನಪಾಗಲಿಲ್ಲ. ಹುಡುಗಿಗೆ ಸಿಕ್ಕಿದ್ದು ತಟ್ಟೆ ತೊಳೆದ ನೀರಿನಂಥ ಮಜ್ಜಿಗೆ. ಆಕಳ ಹಾಲು ಮಗನ ಲೋಟಕ್ಕೆ ಹೋಯಿತು.

ಪಕ್ಕದ ಮನೆಯಲ್ಲಿ ಅಜ್ಜಿಯ ಗೆಳತಿಯೊಬ್ಬಳಿದ್ದಳು. ಜ್ವರದ ದಿನ ಅವಳೂ ಹುಡುಗಿಯ ಹಾಸಿಗೆಯ ಬದಿಗೆ ಕೂತಿದ್ದವಳು. ಹುಡುಗಿಯ ಕೈಕಾಲು ಕಡ್ಡಿಯಾದದ್ದನ್ನು ನೋಡಲಾರದೆ ಒಂದು ದಿನ ನೇರ ಒಳಗೆ ಬಂದಳು.

“ಆಕಿ ಆ ಮಾತು ಆಡಿದಾಗ ನಾನೂ ಇಲ್ಲೇ ಇದ್ದೆ,” ಎಂದಳು. “ಅವತ್ತ ಕೂಸಿನ ಮೈ ಕೆಂಡ ಆಗಿತ್ತು. ಈಗ ಎಲ್ಲೈತಿ ಜ್ವರ?”

ಸೊಸೆ ಬಾಗಿಲ ಮೇಲಕ್ಕೆ ಕೈ ತೋರಿಸಿದಳು. “ಅಲ್ಲಿ ಜ್ವರದ ಮಾತು ಎಲ್ಲೈತಿ, ತೋರಸ್ರಿ ನೋಡೋಣು.”

“ಬರೆಸಿದವ್ರು ನೀವ! ಕೂಸಿನ ಹೊಟ್ಟಿಗೆ ಹಿಟ್ಟಿಲ್ಲ, ಗ್ವಾಡಿಗೆ ಮಲ್ಲಿಗಿ ಹೂವು! ಆಕಿ ಎದ್ದು ಬಂದ್ರ ನಿಮ್ಮ ಮುಖದ ಮ್ಯಾಲ ಉಗುಳ್ತಾಳ!” ಎಂದಳು ಗೆಳತಿ.

ಮಗನ ಸಿಟ್ಟು ನೆತ್ತಿಗೇರಿತು. ಸತ್ತ ತಾಯಿಯ ಮಾತನ್ನು ತಿದ್ದಲು ಬಂದವಳು ನೀನು ಯಾರು ಎಂದು ಅವಳನ್ನು ಹೊರಗೆ ನೂಕಿ ಕದ ಹಾಕಿದ. ಅವ್ವನ ಮಾನ ಕಾಪಾಡಿದೆನೆಂದು ಅವನ ಎದೆ ಉಬ್ಬಿತು.

ಗೆಳತಿ ಅಷ್ಟಕ್ಕೇ ಬಿಡಲಿಲ್ಲ. ಹಿತ್ತಲ ದಾರಿ ಹಿಡಿದು ಬಂದಳು. ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಹಾಲುಅನ್ನ ಇತ್ತು. ಹುಡುಗಿ ಅದನ್ನು ನೋಡಿದಳು. ನೋಡುತ್ತಲೇ ಎಂಜಲು ನುಂಗಿದಳು. ಆಮೇಲೆ ಎರಡೂ ಕೈಯಿಂದ ಬಟ್ಟಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

“ಬ್ಯಾಡ ಬೇ,” ಎಂದಳು. “ಅಜ್ಜಿ ಬ್ಯಾಡ ಅಂದಾಳ.”

ಗೆಳತಿ ಗೋಗರೆದಳು, ಗದರಿದಳು, ತುತ್ತನ್ನು ಬಾಯಿಗೆ ಹಿಡಿದಳು. ಹುಡುಗಿ ತುಟಿ ಬಿಚ್ಚಲಿಲ್ಲ. ಮುಂದಿನ ಸುಗ್ಗಿ ಬರುವ ಮೊದಲೇ ಅವಳು ಸತ್ತಳು. ಮಗ ಅವಳನ್ನು ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿಸಿದ. ಬಡಪಾಯಿ ಹುಡುಗಿ, ಕಡೆಯ ಉಸಿರಿನ ತನಕ ಅವ್ವನ ಮಾತು ಮೀರಲಿಲ್ಲ ಎಂದು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ನೆರೆದ ಜನ ತಲೆದೂಗಿದರು.

ಅಯ್ಯನವರು ಕತೆ ನಿಲ್ಲಿಸಿದರು. ಬೆನ್ಯಾಮಿನ ರಾಹೇಲವ್ವನನ್ನೂ ಮರೆತಿದ್ದ, ತನ್ನ ಅವಮಾನವನ್ನೂ ಮರೆತಿದ್ದ.

“ಕಟುಕರು!” ಎಂದ. “ಮನುಷ್ಯಾರೇನ್ರಿ ಅವರು? ಗ್ವಾಡಿ ಮ್ಯಾಲಿನ ಆ ಮಾತನ್ನ ಮೊದಲ ಕೆರೆದು ಹಾಕಬೇಕಿತ್ತು.”

“ಯಾಕ ಕೆರೀಬೇಕು? ಅದು ಅಜ್ಜಿ ಆಡಿದ ಮಾತ ಅಲ್ಲೇನು? ಅದರಾಗ ಒಂದಕ್ಷರ ಸುಳ್ಳಿಲ್ಲ,” ಎಂದರು ಅಯ್ಯನವರು. “ಉಳಿದದ್ದನ್ನೂ ಬರೀಬೇಕಿತ್ತು. ಯಾರಿಗೆ ಅಂದ್ಲು, ಯಾವತ್ತ ಅಂದ್ಲು, ಯಾತಕ್ಕ ಅಂದ್ಲು, ಅದನ್ನೆಲ್ಲಾ ಬರೀಬೇಕಿತ್ತು. ಕೂಸು ಉಳೀಲಿ ಅಂತ ಆಡಿದ ಮಾತದು. ತಮಗ ಹಾಲು ಉಳಿಯೋವಷ್ಟ ಕತ್ತರಿಸಿಕೊಂಡ್ರು.”

ಸೊಸೆಯ ಮೇಲೆ ಬೆನ್ಯಾಮಿನನಿಗೆ ಕನಿಕರವಿರಲಿಲ್ಲ. ಮಗನ ವಿಷಯದಲ್ಲಿ ಮಾತ್ರ ಏನೋ ಕೊರೆಯುತ್ತಿತ್ತು.

“ಸೊಸಿ ಬೇಕಂತ ಮಾಡಿದ್ಲರಿ,” ಎಂದ. “ಮಗ ಪಾಪ, ಭಕ್ತಿಲೆ ಮಾಡಿದ್ದಲ್ರಿ?”

“ಹೌದು. ಹಾಲು ಕುಡಕೋಂತ ಮಾಡಿದ ಭಕ್ತಿ,” ಎಂದರು ಅಯ್ಯನವರು.

ಬೆನ್ಯಾಮಿನ ತಲೆ ತಗ್ಗಿಸಿದ. ಮಡಿಲಲ್ಲಿದ್ದ ಗ್ರಂಥವನ್ನು ತೆರೆಯಲು ಹೋದ ಕೈ ಅಲ್ಲೇ ನಿಂತಿತು.

“ನೀ ಆ ಸಾಲು ಓದಿದಾಗ ರಾಹೇಲವ್ವ ಏನಂದ್ಲು?” ಎಂದು ಕೇಳಿದರು ಅಯ್ಯನವರು.

ಅವಳು ವಾದ ಮಾಡಿರಲಿಲ್ಲ. ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಬೆನ್ಯಾಮಿನ ಬೆರಳಿಟ್ಟ ಸಾಲನ್ನು ನೋಡುತ್ತ ನಿಂತಿದ್ದಳು. ಓದು ಬಾರದವಳು, ಆದರೂ ಗ್ರಂಥವನ್ನು ಕಣ್ಣಿಗೊತ್ತಿಕೊಂಡಿದ್ದಳು. ಇದೆಲ್ಲ ನಿನ್ನೆ ಅವನ ಕಣ್ಣೆದುರಿಗೇ ನಡೆದಿತ್ತು. ಅವನು ಅದನ್ನು ಈಗ ನೋಡಿದ.

“‘ದೇವರೇ ಹಂಗ ಹೇಳಿದ್ರ ಆತ್ರಿ, ಹೋಗ್ತೀನಿ’ ಅಂದ್ಲರಿ,” ಎಂದ.

“ಹಂಗಾರ ಲಗೂನ ಏಳು, ಆಕಿ ಇನ್ನೂ ಜೀವಂತ ಇದ್ರ, ಕರ್ಕೊಂಡು ಬಾ.”