ಹೊತ್ತವ್ವನ ಗುಂಡು

ಬನ್ನಿ, ಈ ಬೇವಿನ ನೆರಳಿಗೆ ಸರಿದು ಕೂತುಕೊಳ್ಳಿ. ಬಿಸಿಲು ಇಳಿಯುವ ತನಕ ಗುಡ್ಡ ಹತ್ತುವಂತಿಲ್ಲ, ಅಷ್ಟರೊಳಗೆ ಇದರ ಹೆಸರಿನ ಕಥೆ ಹೇಳಿಬಿಡುತ್ತೇನೆ. ಅಗೋ, ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಬಂಡೆಗಳಲ್ಲಿ ಎಲ್ಲಕ್ಕೂ ದೊಡ್ಡದು ಹೊತ್ತವ್ವನ ಗುಂಡು. ಬುಡದ ಹಲಗೆಯಲ್ಲಿ ಕರಡಿಯ ಚಿತ್ರ ಬರೆದು, ಕೆಳಗೆ ಇಂಗ್ಲಿಷಿನ ಹೆಸರು ಹಾಕಿದ್ದಾರೆ. ನನಗೆ ಓದು ಬಾರದು. ಮೊಮ್ಮಗಳು ಓದಿ, ಅದು 'ಸ್ಲಾತ್ ಬೇರ್', ಅಂದರೆ ಸೋಮಾರಿ ಕರಡಿ ಎಂದಳು. ಯಾವನೋ ಬಿಳಿಯ ದೊರೆ ಕರಡಿಯ ಉದ್ದ ಉಗುರು ಕಂಡು, ಬೇರೆ ದೇಶದಲ್ಲಿ ಮರಕ್ಕೆ ಜೋತುಬಿದ್ದು ನಿದ್ದೆ ಹೊಡೆಯುವ ಸೋಮಾರಿ ಪ್ರಾಣಿಯ ಕುಲದ್ದೆಂದು ತಪ್ಪು ತಿಳಿದನಂತೆ. ತಪ್ಪು ಗೊತ್ತಾದರೂ ಹೆಸರು ಹೋಗಲಿಲ್ಲ. ಆ ಹೆಸರು ನಮ್ಮೂರಿನ ಕಿವಿಗೆ ಬಿದ್ದ ದಿನವೇ ಈ ಗುಂಡಿಗೂ ಹೆಸರು ಬಂತು ಎನ್ನುತ್ತಾರೆ.

ಹಿಂದೆ ಒಮ್ಮೆ, ಕಂಪನಿ ಸರಕಾರದ ಕಾಲದಲ್ಲಿ, ಹುಲಿಗೆವ್ವ ಎಂಬ ವಿಧವೆ ಇಲ್ಲಿದ್ದಳು. ಹುಣ್ಣಿಮೆಯ ಮರುದಿನ ಇಳಿಹೊತ್ತಿಗೆ ಈ ಗುಂಡಿನ ಮೈಗೆ ಬೆಲ್ಲ ಸವರುವುದು ಅವಳ ಮನೆತನದ ಸೇವೆ. ಸವರಿ, ಎರಡು ಕಲ್ಲು ಮೂರು ಸಲ ಬಡಿದರೆ ಗವಿಯಿಂದ ಕರಡಿ ಇಳಿದು ಬರುತ್ತಿತ್ತು. ಆ ಬೆಲ್ಲ ನಾಲಿಗೆಗೆ ಇಟ್ಟವನು ಕರಡಿಯ ಮೇಲೆ ಕೈ ಎತ್ತಬಾರದು. ನಮ್ಮಲ್ಲಿ ಅದು ಆಣೆಗಿಂತ ದೊಡ್ಡದು. ಅವಳ ತಮ್ಮ ಗಾದಿಲಿಂಗ, ತಾಯಿಯಿಲ್ಲದವನೆಂದು ಅವಳೇ ಕಂಕುಳಲ್ಲಿ ಹೊತ್ತು ಬೆಳೆಸಿದವನು, ನೆಲ ಅಳೆಯಲು ಬಂದ ಸಾಹೇಬನ ಬಳಿ ಚಾಕರಿಗೆ ಸೇರಿ, ಒಂದು ಹುಣ್ಣಿಮೆಯ ಮರುದಿನ ಅವನನ್ನು ಗುಂಡಿನ ಹತ್ತಿರ ಕರೆತಂದ.

"ಅಕ್ಕಾ, ಸಾಹೇಬ ಕರಡಿ ನೋಡಿ ಚಿತ್ರ ಬರಕೊಂಡು ಹೋಗ್ತಾನ, ಅಷ್ಟ."

"ಮತ್ತ ಕೋವಿ ಯಾಕೋ?"

"ದೊರೆಗೋಳಿಗೆ ಅದು ಊರುಗೋಲು ಇದ್ದಂಗ. ಬೇಕಾದ್ರ ಬೆಲ್ಲ ನೆಕ್ಕಸ್ತೀನಿ, ತಡಿ."

ಸಾಹೇಬ ಬೆರಳದ್ದಿ ನೆಕ್ಕಿ ನಕ್ಕ. ಅವನಿಗೆ ಅದು ಬರೀ ಸಿಹಿ. ನೆಕ್ಕಿದರೆ ಅಕ್ಕ ನಂಬುತ್ತಾಳೆಂದು ಹೇಳಿಕೊಟ್ಟಿದ್ದವನು ಗಾದಿಲಿಂಗನೇ; ಚಾಕರರ ಮೇಲಿನ ದಫೇದಾರನಾಗಿ ಕೆಂಪು ರುಮಾಲು ಸುತ್ತುವ ಆಸೆ ಅವನಿಗೆ. ಹುಲಿಗೆವ್ವ ಕಲ್ಲು ಬಡಿದಳು. ಬೆನ್ನ ಮೇಲೆ ಎರಡು ಮರಿ ಕೂರಿಸಿಕೊಂಡು ತಾಯಿ ಕರಡಿ ಇಳಿದು ಬಂತು. ಕೋವಿ ಹಾರಿತು. ಬಿದ್ದ ಕರಡಿ ಸಾಹೇಬನ ಕಡೆ ನೋಡಲಿಲ್ಲ, ಕಲ್ಲು ಹಿಡಿದಿದ್ದ ಹುಲಿಗೆವ್ವನ ಕೈ ನೋಡಿತು. ಆಮೇಲೆ ಎದ್ದು, ಮರಿಗಳನ್ನು ಬೀಳಗೊಡದೆ, ಉಗುರೂರಿ ಇಡೀ ಗುಂಡು ಹತ್ತಿ, ಗವಿಯಲ್ಲಿ ಅವನ್ನು ಇಳಿಸಿ, ಅದರ ಬಾಯಿಗೆ ಅಡ್ಡಲಾಗಿ ಮಲಗಿ ಜೀವ ಬಿಟ್ಟಿತು. ಸಾಹೇಬ ಪುಸ್ತಕ ತೆಗೆದು ಬರೆದುಕೊಂಡ.

"ಅವರ ಮಾತಿನ್ಯಾಗ ಇದು ಸೋಮಾರಿ ಕರಡಿ ಅಂತಕ್ಕಾ," ಎಂದ ಗಾದಿಲಿಂಗ, ಮುಖ ತಪ್ಪಿಸಿ.

"ಸೋಮಾರಿ? ಸಾಯೋತನಕ ಕೂಸು ಹೊತ್ತಾಕಿ ಸೋಮಾರಿ ಏನೋ? ಈಕಿ ಹೊತ್ತವ್ವ. ನಿನ್ನೂ ಹೊತ್ತಿದ್ದೆ ಗಾದಿಲಿಂಗಾ. ಇವತ್ತು ಇಳಿಸೀನಿ."

ಗುಂಡಿನ ಮೈಮೇಲೆ ಆ ಉಗುರಿನ ಗೀರುಗಳು ಇವತ್ತಿಗೂ ಇವೆ, ಹತ್ತುವಾಗ ಕೈಯಾಡಿಸಿ ನೋಡಿ. ಬೆಲ್ಲವನ್ನೂ ಸವರುತ್ತೇವೆ, ಸವರಿ ಸುಮ್ಮನೆ ತಿರುಗಿ ಬರುತ್ತೇವೆ, ಕಲ್ಲು ಮಾತ್ರ ಬಡಿಯುವುದಿಲ್ಲ. ಸಾಹೇಬ ಕರಡಿಯ ಚರ್ಮ ಸುಲಿಸಿಕೊಂಡು ಹೋದವನು ಏನಾದನೋ ಯಾರಿಗೂ ತಿಳಿಯದು, ಅವರ ಮಾತಿನ ಆ ಹೆಸರು ಮಾತ್ರ ಹಲಗೆಯ ಮೇಲೆ ಕೂತಿದೆ. ಗಾದಿಲಿಂಗನಿಗೆ ಕೆಂಪು ರುಮಾಲು ಸಿಕ್ಕಿತು. ಆದರೆ ಮದುವೆಯಿರಲಿ, ತೊಟ್ಟಿಲಿರಲಿ, ಊರವರು ಹಂಚುವ ಬೆಲ್ಲದ ತಟ್ಟೆ ಅವನನ್ನು ದಾಟಿಯೇ ಮುಂದೆ ಹೋಗುತ್ತಿತ್ತು, ಸಾಯುವ ತನಕ. ಹುಲಿಗೆವ್ವ ಮರಿಗಳಿಗೆ ಗಂಜಿ ಕುಡಿಸಿ ಸಾಕಿದಳು. ದೊಡ್ಡವಾದ ಮೇಲೆ, ಮನುಷ್ಯರು ಕರೆದರೆ ಬರುವ ಬುದ್ಧಿ ಬಿಡಲೆಂದು, ಅಳುತ್ತ ಅಳುತ್ತ ತಾನೇ ಕಲ್ಲು ಬೀಸಿ ಅವನ್ನು ಕಾಡಿಗೆ ಅಟ್ಟಿದಳು.