ನಿರ್ವಾಣಿ ಕಾರಿಗೆ ಸ್ಪೀಕರು ಹಾಕಿಸಿದ್ದು

ಗೊಲ್ಲರಕಟ್ಟೇಲಿ ಶಿವನಂಜಮ್ಮ ಅಂತ ಒಬ್ಬಳು. ಅವಳ ಹಣೇಬರಕ್ಕೆ ನಿರ್ವಾಣಿ ಅಂತ ಒಬ್ಬ ಮಗ. ಹೇಳಿದ್ದು ಹೇಳಿದಂಗೇ ಮಾಡೋನು. ಅದೇ ಬಂದಿದ್ದು ಕೇಡು!

ಗಂಡ ಸತ್ತಾಗ ಅವಳಿಗೆ ಬಿಟ್ಟುಹೋದದ್ದು ಒಂದು ಹಳೇ ಅಂಬಾಸಿಡರ್ ಕಾರು. ಮದುವೇಲಿ ಹೆಣ್ಣನ್ನ ಛತ್ರಕ್ಕೆ ಕರ್ಕೊಂಡು ಬರೋ ಕಾರು ಅದು. ಅದು ಓಡಿದ್ರೆ ಮನೇಲಿ ಒಲೆ ಉರೀಬೇಕು. ಓಡಿಸೋನು ನಿರ್ವಾಣಿ. ಅದೊಂದು ವಿದ್ಯೆ ಮಾತ್ರ ಅವನಿಗೆ ನೆಟ್ಟಗೆ ಬರ್ತಿತ್ತು.

ಒಂದಿನ ಮರಿಬಸಪ್ಪ ಅನ್ನೋ ಯಜಮಾನ ಬಂದ. "ಮಗಳ ಮದುವೆ ಐತೆ ಶಿವನಂಜಮ್ಮ. ಕಾರಲ್ಲಿ ಹಾಡು ಬರೋದಾದ್ರೆ ನಿಮ್ಮ ಕಾರು. ಬರದಿದ್ರೆ ಪಕ್ಕದೂರ ವ್ಯಾನು!" ಅಂದುಬಿಟ್ಟ. ಅಪ್ಪನ ಕಾಲದಿಂದ ಓಡಿದ ಕಾರಿಗೆ ಇಂಥ ಮಾತು! ನಿಮಗೆ ಉರಿಯಲ್ವಾ? ನನಗಂತೂ ಉರೀತು.

ಶಿವನಂಜಮ್ಮ ಹಠ ಹಿಡಿದಳು. "ಲೋ ನಿರ್ವಾಣಿ, ಸ್ಪೀಕರಿಗೆ ಮೊದ್ಲು ವೈರು ತಗೊಂಡು ಬಾರೋ."

ಹೋದ. ಅಂಗಡೀಲಿ ವೈರಿನ ಒಂದು ತುದಿ ಹಿಡ್ಕೊಂಡ, ಮನೆ ಕಡೆ ನಡೆದ. ಮಿಕ್ಕಿದ್ದು ಹಿಂದೆ ಹರ್ಕೊಂಡು ಬಂತು. ಒಂದೆಮ್ಮೆ ಕಾಲಿಗೆ ಸುತ್ಕೊಂತು. ಹೆಡ್‌ಮಾಸ್ಟರ ಸೈಕಲ್ಲಿಗೆ ಸುತ್ಕೊಂತು. ಎಮ್ಮೆ ಸೈಕಲ್ಲು ಎಳ್ಕೊಂಡು ಕೆರೆಗಿಳೀತು. ನಿರ್ವಾಣಿ ಮನೆಗೆ ಬಂದಾಗ ಕೈಲಿ ಉಳಿದದ್ದು ಮೊಳದುದ್ದ!

"ಅಯ್ಯೋ ಮಂಕೆ! ಸುತ್ತಿ ಮಡಚಿ, ಮಂಡಿ ಊರಿ ಅದುಮಿ, ಹಗ್ಗ ಬಿಗಿದು ತರಬೇಕಿತ್ತು ಕಣೋ!"

"ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಸ್ಪೀಕರು ತರೋಕೆ ಕಳಿಸಿದಳು. ಎರಡು ಹೊಸ ಸ್ಪೀಕರು, ಒಳಗೆ ಹಪ್ಪಳದಂಥ ತೆಳು ಕಾಗದ. ನಿರ್ವಾಣಿ ಅಂಗಡಿ ಮುಂದೇನೇ ಒಂದರ ಮೇಲೊಂದು ಇಟ್ಟ, ಮಂಡಿ ಊರಿದ, ಅದುಮಿದ. ಪರ್ರ್! ಹಗ್ಗ ಬಿಗಿದ. ಪರ್ರ್! ಮನೆಗೆ ಬಂದು ಬಿಚ್ಚಿದ್ರೆ ಹಪ್ಪಳ ಪುಡಿ ಪುಡಿ.

"ಥೂ ನಿನ್ನ! ಅದನ್ನ ಎಳೆ ಕೂಸಿನಂಗೆ ಎದೆಗಪ್ಕೊಂಡು, ಬಟ್ಟೆ ಹೊದಿಸಿ, ತಟ್ಟುತ್ತಾ ತರಬೇಕಿತ್ತು ಕಣೋ!"

"ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಕೊನೆಗೆ ಬೇರೆ ಸ್ಪೀಕರು ತಂದು ಕೂರಿಸೋಕೆ ಫಿಟ್ಟರ್ ಖಲಂದರ್ ಬಂದ. ಬಾನೆಟ್ ಎತ್ತಿ ನೋಡಿ, "ಅಮ್ಮಾ, ಈ ಬ್ಯಾಟರಿ ಹೆಡ್‌ಲೈಟಿಗೇ ಕೆಮ್ತದೆ, ಹಾಡೆಲ್ಲಿ ಹಾಡ್ತದೆ? ಹೊಸದು ಬೇಕು" ಅಂದ.

ನಿರ್ವಾಣಿ ಓಡಿದ, ಅವ್ವನ ರೇಷ್ಮೆ ಸೀರೆ ಬಗಲಲ್ಲಿಟ್ಕೊಂಡು. ಬ್ಯಾಟರಿ ಅಪ್ಕೊಂಡ, ಸೀರೆ ಹೊದಿಸಿದ. ದಾರಿಯುದ್ದಕ್ಕೂ ಜೋ ಜೋ ಅಂದ. ಸಾಲದೂಂತ ಹೆಗಲ ಮೇಲೆ ಮಗುಚಿ ಹಾಕ್ಕೊಂಡು ತೇಗು ಬರ್ಲಿ ಅಂತ ಬೆನ್ನು ಬೇರೆ ತಟ್ಟಿದ! ತೇಗು ಬರಲಿಲ್ಲ, ಆ್ಯಸಿಡ್ ಬಂತು. ಅಂಗಿ ಜರಡಿ. ಸೀರೆ ಜರಡಿ. ನಿರ್ವಾಣಿ ಬೊಬ್ಬೆ ಹೊಡ್ಕೊಂಡು ಬಂದ.

"ನನ್ನ ಧಾರೆ ಸೀರೆ ಕಣೋ ಅದು, ಪಾಪಿ! ಅಂಥದ್ದನ್ನ ಬಾಗಿಲಾಚೆಗೇ ನಿಲ್ಲಿಸಿ, ಮೇಲೆ ನೀರು ಹುಯ್ದು, 'ಯಾರೂ ಹತ್ರ ಬರಬೇಡ್ರಪ್ಪೋ' ಅಂತ ಕೂಗ್ಬೇಕಿತ್ತು!"

"ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಖಲಂದರ್ ಅಂತೂ ಬೇರೆ ಬ್ಯಾಟರಿ ಕೂರಿಸಿ, ವೈರೆಲ್ಲ ಎಳೆದು ಮುಗಿಸಿದ. ಹಾಡು ಗುಯ್ ಅಂತ ಬಂತು. ಅದನ್ನ ಕೇಳೋಕೆ ಅಂತ ಮರಿಬಸಪ್ಪ ಗಂಜಿ ಹಾಕಿದ ಬಿಳಿ ಪಂಚೆ ಉಟ್ಕೊಂಡು ಬಂದ. ಬಾಗಿಲಲ್ಲಿ ನಿರ್ವಾಣಿ! ನಿಲ್ಲಿಸಿದ. ಎರಡು ಕೊಡ ನೀರು ತಲೆ ಮೇಲೆ ಹುಯ್ದ. "ಯಾರೂ ಹತ್ರ ಬರಬೇಡ್ರಪ್ಪೋ!" ಅಂತ ಬೀದಿಗೆಲ್ಲ ಕೂಗಿದ.

ಶಿವನಂಜಮ್ಮ ಹಣೆ ಹಣೆ ಚಚ್ಕೊಂಡಳು. "ಮನೆಗೆ ಬಂದೋರಿಗೆ ಹಿಂಗಾ ಮಾಡೋದು! ಕರೆದು ಕೂರಿಸ್ಬೇಕು, ಎಲೆ ಹಾಕ್ಬೇಕು. ಬೇಡ ಅಂದ್ರೂ ಬಡಿಸ್ಬೇಕು, ಅದು ಸಂಕೋಚ ಕಣೋ! ಸಾಕು ಅಂದ್ರೆ ಇನ್ನೊಂದು ಸೌಟು! ಎಲೆ ಮಡಚೋವರೆಗೂ ಬಿಡಬಾರ್ದು!"

"ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮರಿಬಸಪ್ಪ ಪಂಚೆ ಹಿಂಡ್ಕೊಂಡು ಹೇಳಿದ: "ಹಾಡು ಚೆನ್ನಾಗೈತೆ, ಅದಕ್ಕೇ ಸುಮ್ನಿದ್ದೀನಿ. ಹತ್ತೂ ಇಪ್ಪತ್ತಕ್ಕೆ ಮುಹೂರ್ತ. ಹೆಣ್ಣು ಹೊತ್ತಿಗೆ ಸರಿಯಾಗಿ ಬಂದ್ರೆ ನಮ್ಮ ನೆಂಟರ ಮದುವೆಗೆಲ್ಲ ನಿಮ್ಮ ಕಾರೇ. ತಪ್ಪಿದ್ರೆ ಇನ್ಯಾವತ್ತೂ ಇಲ್ಲ!"

ಮದುವೆ ದಿನ ಕಾರಿಗೆ ಬಾಳೆಕಂದು ಕಟ್ಟಿದ್ರು. ಮುಂದೆ ಮರಿಬಸಪ್ಪ, ಹಿಂದೆ ಮದುಮಗಳು ಸುನಂದ. ಒಂಬತ್ತೂವರೆಗೆಲ್ಲ ಛತ್ರ ಬಂತು.

"ಸಾಕಪ್ಪಾ, ನಿಲ್ಸು."

"ಸಂಕೋಚ ಪಟ್ಕೋಬೇಡಿ ಯಜಮಾನ್ರೇ! ಇನ್ನೊಂದು ಸುತ್ತು!" ಊರು ಸುತ್ತಿ ಬಂದ.

"ಲೋ, ಹಾಡು ಬೇಡ್ವೋ, ಕಿವಿ ಹೋಯ್ತು!"

"ಬೇಡ ಅಂದ್ರೆ ಹೆಂಗೆ? ಇನ್ನೊಂಚೂರು ಹಾಕಿಸ್ಕೊಳಿ!" ಸೌಂಡಿನ ಗುಬಟು ತಿರುವಿದ. ಗಾಜು ಗಡಗಡ ಅಂತು.

ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಹೆಂಗಸರು ನಿಂತೇ ಇದ್ರು. ಕಾರು ಬಂತು, ಹೋಯ್ತು. ಬಂತು, ಹೋಯ್ತು. ಆರತಿ ಆರಿತು. ಅವರ ಜೊತೆ ನಿಂತಿದ್ದ ಶಿವನಂಜಮ್ಮ "ನಿಲ್ಸೋ ಮುಂಡೇದೇ!" ಅಂತ ಕಿರುಚಿದ್ದು ಆ ಹಾಡಲ್ಲಿ ಯಾರಿಗೆ ಕೇಳಬೇಕು! ಕಾರು ಕೆರೆ ಏರಿ ಹತ್ತಿತು.

ಕೊನೆಗೆ ಸುನಂದ ಬಗ್ಗಿ ಅವನ ಕಿವೀಲೇ ಕೂಗಿದಳು. "ಅಣ್ಣಾ, ಯಾವಾಗಣ್ಣ ನಿಲ್ಸೋದು ನೀನು?"

"ನೀವು ಎಲೆ ಮಡಚಿದ ಮೇಲೆ ಕಣಕ್ಕ!"

ಹುಡುಗಿ ಜಾಣೆ. ಕಿಟಕೀಲಿ ಕೈ ಹಾಕಿ ಬಾಳೆ ಎಲೆ ಕಿತ್ತಳು, ಅವನ ಮೂಗಿನ ಮುಂದೇನೇ ಮಡಚಿದಳು.

ಕೀಚ್! ಕಾರು ನಿಂತಿತು. ಹಾಡು ನಿಂತಿತು. ಕೆರೆ ಏರಿ ಮಧ್ಯೆ, ಛತ್ರಕ್ಕೆ ಒಂದು ಮೈಲಿ ದೂರ.

"ಈಗ ಛತ್ರಕ್ಕೆ ಬಿಡಪ್ಪಾ, ದಮ್ಮಯ್ಯ!" ಅಂದ ಮರಿಬಸಪ್ಪ.

ಊಹೂಂ. ನಿರ್ವಾಣಿ ಬೀಗದ ಕೈ ಸೊಂಟಕ್ಕೆ ಸಿಗಿಸಿ, ಚೊಂಬಲ್ಲಿ ನೀರು ಹಿಡ್ಕೊಂಡು ಕೆಳಗಿಳಿದ. "ಕೈ ತೊಳ್ಕೊಳಿ."

ಏರಿ ಮೇಲೆ ಕಾರು ನಿಂತದ್ದು ಛತ್ರದಿಂದ ಕಂಡು ಮದುಮಗ ಪಂಚೆ ಎತ್ತಿ ಕಟ್ಟಿ ಓಡಿ ಬಂದ. ಐನೋರು ಅಕ್ಷತೆ ಚೆಲ್ಕೊಂಡು ಓಡಿ ಬಂದ್ರು. ತಾಳಿ ಕಟ್ಟಿದ್ದು ಏರಿ ಮೇಲೆ, ಬಾನೆಟ್ಟಿಗೆ ಒರಗಿ, ಮುಹೂರ್ತಕ್ಕೆ ಇನ್ನೊಂದು ನಿಮಿಷ ಇದ್ದಂಗೆ! ಹಿಂದೇನೇ ಏದುಸಿರು ಬಿಡ್ತಾ ಬಂದ ಶಿವನಂಜಮ್ಮ ಅಲ್ಲೇ ಕುಸಿದು ಕೂತಳು.

ಮರಿಬಸಪ್ಪ ನಿರ್ವಾಣಿ ಕೊರಳಪಟ್ಟಿ ಹಿಡಿದ. "ಒಂದು ಮೈಲಿ! ಒಂದೇ ಒಂದು ಮೈಲಿ ಬಿಡೋಕೆ ಏನೋ ಬಂದಿತ್ತು ನಿಂಗೆ?"

ಆಗ ನೋಡಿ, ನಿರ್ವಾಣಿಗೂ ಸಿಟ್ಟು ನೆತ್ತಿಗೇರಿತು.

"ಮಡಚಿದ ಎಲೆಗೆ ಮತ್ತೆ ಬಡಿಸ್ತಾರೇನ್ರೀ? ನಮ್ಮವ್ವ ನನ್ನ ಹಂಗೆ ಬೆಳೆಸಿಲ್ಲ!"